ಗ್ರಾಹಕ ಸೇವೆಯ ಸೋಗಿನಲ್ಲಿ ಬರುವ ವಂಚಕರಿಂದ ಪಾರಾಗುವ ಬಗೆ

ಕಳುಹಿಸಿದ ಹಣ ಸೇರಬೇಕಾದಲ್ಲಿಗೆ ಸೇರದಿದ್ದಾಗ, ಖಾತೆಯೊಳಗೆ ಹೋಗಲಾಗದೆ ಪರದಾಡುವಾಗ, ಕೊಂಡ ವಸ್ತುವನ್ನು ಹಿಂದಿರುಗಿಸಬೇಕಾದಾಗ, ಯಾರಾದರೂ ಸಹಾಯ ಮಾಡಿದರೆ ಸಾಕೆಂಬ ಮನಃಸ್ಥಿತಿಯಲ್ಲಿ ನಾವಿರುತ್ತೇವೆ. ಗ್ರಾಹಕ ಸೇವೆಯವರಂತೆ ನಟಿಸುವ ವಂಚಕರು ಕಾದಿರುವುದು ಈ ಗಳಿಗೆಗಾಗಿಯೇ. ಬೇರೆ ಬಗೆಯ ಮೋಸಗಳಲ್ಲಿ ಅವರು ನಮ್ಮನ್ನು ಮಾತಿಗೆ ಎಳೆಯಬೇಕಾಗುತ್ತದೆ. ಇಲ್ಲಿ ಎಷ್ಟೋ ಸಲ ನಾವೇ ಅವರಿಗೆ ಕರೆ ಮಾಡುತ್ತೇವೆ, ನಮ್ಮ ತೊಂದರೆಯನ್ನು ನಾವೇ ವಿವರಿಸುತ್ತೇವೆ, ಅವರು ಹೇಳಿದಂತೆ ಮಾಡಲು ಮನಸ್ಸಿನಲ್ಲಿ ಮೊದಲೇ ಒಪ್ಪಿರುತ್ತೇವೆ. ಆದ್ದರಿಂದ ಇಂತಹ ಮೋಸಕ್ಕೆ ಸಿಕ್ಕವರನ್ನು ದಡ್ಡರೆಂದು ತಿಳಿಯುವುದು ತಪ್ಪು. 2020ರ ಜುಲೈ ತಿಂಗಳಲ್ಲಿ ಟ್ವಿಟರ್ ಸಂಸ್ಥೆಯ ನೌಕರರಿಗೇ ಕೆಲವರು ಫೋನ್ ಮಾಡಿ, ತಾವು ಸಂಸ್ಥೆಯ ಕಂಪ್ಯೂಟರ್ ವಿಭಾಗದವರೆಂದು ನಂಬಿಸಿ, ನಕಲಿ ಲಾಗಿನ್ ಪುಟದಲ್ಲಿ ಅವರ ಪಾಸ್‌ವರ್ಡ್ ಪಡೆದುಕೊಂಡು, ಬರಾಕ್ ಒಬಾಮ, ಬಿಲ್ ಗೇಟ್ಸ್ ಮೊದಲಾದವರ ಖಾತೆಗಳಿಂದ ಬಿಟ್‌ಕಾಯಿನ್ ಕೇಳುವ ಸಂದೇಶಗಳನ್ನು ಹಾಕಿದ್ದರು. ಆ ಕೃತ್ಯದ ಮುಖ್ಯ ಆರೋಪಿಗೆ ಆಗ 17 ವರ್ಷ. ತಂತ್ರಜ್ಞಾನದ ನಡುವೆಯೇ ದಿನ ಕಳೆಯುವವರೂ ಒಂದು ಫೋನ್ ಕರೆಯನ್ನು ನಂಬಿದರೆಂಬುದನ್ನು ನೆನಪಿಟ್ಟುಕೊಂಡು ಮುಂದೆ ಓದಬೇಕೆಂದು ಕೋರುತ್ತೇನೆ.

ಮಾತನಾಡುತ್ತಿರುವವರು ಅಸಲಿಯೋ ನಕಲಿಯೋ ಎಂದು ಅವರ ಮಾತಿನಿಂದ ಪತ್ತೆ ಮಾಡಲು ಹೋಗಬಾರದು. ಆ ಪರೀಕ್ಷೆಯಲ್ಲಿ ಗೆಲ್ಲಲೆಂದೇ ಅವರು ದಿನವಿಡೀ ಅಭ್ಯಾಸ ಮಾಡಿರುತ್ತಾರೆ. ನಾವು ಪರೀಕ್ಷಿಸಬೇಕಾದದ್ದು ಆ ಸಂಪರ್ಕ ನಮ್ಮ ಬಳಿಗೆ ಬಂದ ದಾರಿಯನ್ನು: ಕರೆ ಮಾಡಿದವರು ಯಾರು, ನಾವೇ ಮಾಡಿದ್ದರೆ ಆ ಸಂಖ್ಯೆ ನಮಗೆ ಎಲ್ಲಿಂದ ಸಿಕ್ಕಿತು ಎಂಬ ಎರಡು ಪ್ರಶ್ನೆಗಳು. ಈ ಎರಡಕ್ಕೂ ಗಟ್ಟಿಯಾದ ಉತ್ತರವಿಲ್ಲದಿದ್ದರೆ ಉಳಿದ ಯಾವ ಸಾಕ್ಷ್ಯಕ್ಕೂ ಬೆಲೆಯಿಲ್ಲ.

ಏಕೆ ಬೆಲೆಯಿಲ್ಲವೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೋನಿನ ಪರದೆಯ ಮೇಲೆ ಮೂಡುವ ಸಂಖ್ಯೆಯನ್ನು ಕರೆ ಹೊರಡುವ ಕಡೆಯವರೇ ತುಂಬಿ ಕಳುಹಿಸುತ್ತಾರೆ. ಇಂಟರ್ನೆಟ್ ಮೂಲಕ ಹೊರಡುವ ಕರೆಗಳಲ್ಲಿ ಅದನ್ನು ಬದಲಿಸುವುದು ಕಷ್ಟವೇನಲ್ಲ, ಹಾಗಾಗಿ ಬ್ಯಾಂಕಿನ ನಿಜವಾದ ಸಂಖ್ಯೆಯೇ ಪರದೆಯಲ್ಲಿ ಕಂಡರೂ ಕರೆ ಬ್ಯಾಂಕಿನದ್ದಾಗಿರಬೇಕೆಂದಿಲ್ಲ. ಎಸ್‌ಎಂಎಸ್ ಕಳುಹಿಸುವವರ ಹೆಸರನ್ನೂ ಹೀಗೆಯೇ ನಕಲು ಮಾಡಲು ಸಾಧ್ಯವಿದ್ದು, ಹೆಸರು ಒಂದೇ ಆಗಿದ್ದರೆ ಫೋನು ಆ ನಕಲಿ ಸಂದೇಶವನ್ನು ಹಿಂದಿನ ಅಸಲಿ ಸಂದೇಶಗಳ ಸಾಲಿನಲ್ಲಿಯೇ ತಂದು ಕೂರಿಸುತ್ತದೆ. ಸಾಮಾಜಿಕ ಜಾಲತಾಣಗಳಲ್ಲಿ ಹೆಸರಿನ ಮುಂದೆ ಕಾಣುವ ನೀಲಿ ಗುರುತು ಒಂದು ಕಾಲದಲ್ಲಿ ಪರಿಶೀಲನೆಯ ಮುದ್ರೆಯಾಗಿತ್ತು. 2022ರ ಕೊನೆಯಿಂದ ಟ್ವಿಟರ್‌ನಲ್ಲಿ ಅದನ್ನು ತಿಂಗಳ ಶುಲ್ಕ ಕಟ್ಟಿ ಪಡೆಯಬಹುದಾಯಿತು. ನಿಮ್ಮ ಹೆಸರು, ವಿಳಾಸ, ಇತ್ತೀಚೆಗೆ ಕೊಂಡ ವಸ್ತು, ಕಾರ್ಡಿನ ಕೊನೆಯ ನಾಲ್ಕು ಅಂಕಿ ಇವೆಲ್ಲ ಕರೆ ಮಾಡಿದವರಿಗೆ ಗೊತ್ತಿರಬಹುದು, ಏಕೆಂದರೆ ಸೋರಿಕೆಯಾದ ಗ್ರಾಹಕರ ಪಟ್ಟಿಗಳು ಕಳ್ಳಪೇಟೆಯಲ್ಲಿ ಕೈಯಿಂದ ಕೈಗೆ ಸಾಗುತ್ತವೆ. ಧ್ವನಿ ಮತ್ತು ಮುಖವನ್ನೂ ಈಗ ನೆಚ್ಚಿಕೊಳ್ಳುವಂತಿಲ್ಲ. 2024ರ ಆರಂಭದಲ್ಲಿ ಹಾಂಗ್‌ಕಾಂಗ್‌ನ ಪೊಲೀಸರು ಬಹಿರಂಗಪಡಿಸಿದ ಪ್ರಕರಣವೊಂದರಲ್ಲಿ, ಕಂಪನಿಯೊಂದರ ನೌಕರರೊಬ್ಬರು ವಿಡಿಯೊ ಸಭೆಯಲ್ಲಿ ತಮ್ಮ ಹಣಕಾಸು ಅಧಿಕಾರಿಯನ್ನೂ ಸಹೋದ್ಯೋಗಿಗಳನ್ನೂ ಕಣ್ಣಾರೆ ಕಂಡೆನೆಂದು ನಂಬಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್‌ಗಳನ್ನು ವರ್ಗಾಯಿಸಿದ್ದರು. ಆ ಸಭೆಯಲ್ಲಿದ್ದ ಮಿಕ್ಕ ಮುಖಗಳೆಲ್ಲ ಕೃತಕವಾಗಿ ಸೃಷ್ಟಿಸಿದವಾಗಿದ್ದವು.

ಸಹಾಯವಾಣಿಯ ಸಂಖ್ಯೆಯನ್ನು ಎಲ್ಲಿಂದ ಪಡೆಯಬೇಕು

ನನ್ನ ಅಭಿಪ್ರಾಯದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ. ಕರೆ ಬಂದಾಗ ಅನುಮಾನಿಸಬೇಕೆಂಬುದು ಬಹಳ ಜನರಿಗೆ ಗೊತ್ತಿದೆ, ಆದರೆ ತಾವೇ ಹುಡುಕಿ ಮಾಡಿದ ಕರೆಯನ್ನು ಅನುಮಾನಿಸಬೇಕೆಂಬುದು ಹೊಳೆಯುವುದಿಲ್ಲ. ಕಂಪನಿಯ ಹೆಸರಿನೊಂದಿಗೆ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕಿದಾಗ ಮೇಲೆ ಕಾಣುವ ಒಂದೆರಡು ಫಲಿತಾಂಶಗಳು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳಾಗಿರಬಹುದು, ಮತ್ತು ಜಾಹೀರಾತಿಗೆ ಹಣ ಕೊಡಲು ವಂಚಕರೂ ಹಿಂಜರಿಯುವುದಿಲ್ಲ. ನಕ್ಷೆಯ ಆ್ಯಪ್‌ಗಳಲ್ಲಿ ಕಚೇರಿಗಳ ವಿವರವನ್ನು ತಿದ್ದಲು ಸಾರ್ವಜನಿಕರಿಗೂ ಸಲಹೆ ಕೊಡುವ ಅವಕಾಶವಿರುವುದರಿಂದ, ಅಸಲಿ ಶಾಖೆಯ ಹೆಸರಿನ ಕೆಳಗೆ ನಕಲಿ ಸಂಖ್ಯೆ ಸೇರಿಕೊಂಡ ಉದಾಹರಣೆಗಳಿವೆ. ಪ್ರಶ್ನೋತ್ತರದ ತಾಣಗಳು, ವಿಮರ್ಶೆಯ ಪುಟಗಳು, ಯಾರು ಬೇಕಾದರೂ ಕಡತ ಏರಿಸಬಹುದಾದ ಜಾಲತಾಣಗಳಲ್ಲಿ ಇಂತಹ ಸಂಖ್ಯೆಗಳನ್ನು ರಾಶಿ ರಾಶಿಯಾಗಿ ಬಿತ್ತಿರುತ್ತಾರೆ. ಕೃತಕ ಬುದ್ಧಿಮತ್ತೆಯ ಸಹಾಯಕಗಳು ಕೊಡುವ ಉತ್ತರವೂ ಹೆಚ್ಚಾಗಿ ಜಾಲದ ಬರಹಗಳಿಂದಲೇ ಆಯ್ದದ್ದಾದ್ದರಿಂದ, ಬಿತ್ತಿದ ನಕಲಿ ಸಂಖ್ಯೆಯೇ ಅಲ್ಲಿಯೂ ತಲೆಯೆತ್ತಬಹುದು.

ಇನ್ನೊಂದು ತಂತ್ರವಂತೂ ಎಚ್ಚರದಲ್ಲಿರುವವರನ್ನೂ ಏಮಾರಿಸಬಲ್ಲದು. ಜಾಹೀರಾತನ್ನು ಒತ್ತಿದರೆ ನಿಜವಾದ ಕಂಪನಿಯ ಜಾಲತಾಣವೇ ತೆರೆದುಕೊಳ್ಳುತ್ತದೆ, ವಿಳಾಸದ ಪಟ್ಟಿಯಲ್ಲೂ ಯಾವ ದೋಷವಿರುವುದಿಲ್ಲ. ಆದರೆ ಆ ತಾಣದ ಒಳಗಿನ ಹುಡುಕು ಪೆಟ್ಟಿಗೆಯಲ್ಲಿ ‘ಸಹಾಯಕ್ಕೆ ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸಾಲನ್ನು ಲಿಂಕ್ ಮೂಲಕವೇ ತುಂಬಿಸಿ ಕಳುಹಿಸಿರುತ್ತಾರೆ. ಅದು ಕಂಪನಿಯ ಸೂಚನೆಯಂತೆ ಕಾಣುತ್ತದೆ. ಆದ್ದರಿಂದ ಜಾಹೀರಾತಿನಿಂದಾಗಲಿ, ಬೇರೆಯವರು ಕಳುಹಿಸಿದ ಲಿಂಕಿನಿಂದಾಗಲಿ ತಾಣವನ್ನು ತಲುಪಿದ್ದರೆ, ಆ ಪುಟವನ್ನು ಮುಚ್ಚಿ, ವಿಳಾಸವನ್ನು ನೀವೇ ಟೈಪ್ ಮಾಡಿ ಮತ್ತೆ ಒಳಹೋಗಬೇಕು.

ನಂಬಬಹುದಾದ ಮೂಲಗಳು ಹೆಚ್ಚಾಗಿ ನಿಮ್ಮ ಮನೆಯಲ್ಲೇ ಇರುತ್ತವೆ. ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿದ ಸಂಖ್ಯೆ, ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್, ವಿಮೆಯ ಪತ್ರ, ವಸ್ತುವಿನ ಜೊತೆಗೆ ಬಂದ ಬಿಲ್ಲು ಮತ್ತು ವಾರಂಟಿ ಕಾರ್ಡು, ಮತ್ತು ಫೋನಿನ ಅಧಿಕೃತ ಆ್ಯಪ್ ಸ್ಟೋರ್‌ನಿಂದ ಹಿಂದೆಯೇ ಹಾಕಿಕೊಂಡಿರುವ ಆ್ಯಪ್‌ನ ಸಹಾಯ ವಿಭಾಗ: ಇವುಗಳಿಂದಲೇ ಸಂಖ್ಯೆಯನ್ನು ತೆಗೆದುಕೊಳ್ಳಬೇಕು. ತೊಂದರೆ ಬಂದ ಮೇಲೆ ಹುಡುಕುವುದಕ್ಕಿಂತ, ನೆಮ್ಮದಿಯಾಗಿರುವ ದಿನವೊಂದರಲ್ಲಿ ಬ್ಯಾಂಕು, ಮೊಬೈಲ್ ಸೇವೆ, ವಿಮೆ, ವಿದ್ಯುತ್ತು ಇವುಗಳ ಸಂಖ್ಯೆಗಳನ್ನು ಫೋನಿನಲ್ಲಿ ಉಳಿಸಿ, ಒಂದು ಹಾಳೆಯಲ್ಲೂ ಬರೆದು ಮನೆಯವರೆಲ್ಲರಿಗೂ ಕಾಣುವಲ್ಲಿ ಇಡುವುದು ಮೇಲು. ಇದಕ್ಕೆ ಅರ್ಧ ಗಂಟೆಯೂ ಬೇಕಾಗುವುದಿಲ್ಲ.

ಜಾಲತಾಣದ ವಿಳಾಸವನ್ನು ಓದುವ ಕ್ರಮವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಆರಂಭದ ಜೋಡಿ ಓರೆಗೆರೆಗಳನ್ನು ದಾಟಿದ ಮೇಲೆ ಬರುವ ಮೊದಲ ಒಂಟಿ ಓರೆಗೆರೆಯನ್ನು ಗುರುತಿಸಿ, ಅಲ್ಲಿಂದ ಎಡಕ್ಕೆ ಓದಬೇಕು. ಅದಕ್ಕೆ ತಾಗಿ ಎಡಗಡೆಯಿರುವ ‘ಡಾಟ್ ಕಾಮ್’ನಂತಹ ಕೊನೆಯ ಭಾಗ ಮತ್ತು ಅದರ ಹಿಂದಿನ ಪದ ಸೇರಿದರೆ ತಾಣದ ಒಡೆಯರ ಹೆಸರಾಗುತ್ತದೆ, ಕೆಲವು ದೇಶಗಳ ವಿಳಾಸಗಳಲ್ಲಿ ಈ ಕೊನೆಯ ಭಾಗವೇ ಎರಡು ತುಂಡುಗಳದ್ದಾಗಿರುತ್ತದೆ. ಬ್ಯಾಂಕಿನ ಹೆಸರು ವಿಳಾಸದ ಆರಂಭದಲ್ಲಿಯೋ ಓರೆಗೆರೆಯ ಬಲಗಡೆಯೋ ಇದ್ದರೆ ಅದಕ್ಕೆ ಅರ್ಥವಿಲ್ಲ, ಏಕೆಂದರೆ ಆ ಜಾಗಗಳಲ್ಲಿ ಯಾರು ಏನನ್ನು ಬೇಕಾದರೂ ಬರೆಯಬಹುದು. ಬೀಗದ ಚಿಹ್ನೆಯೂ ನಿಮ್ಮ ಮತ್ತು ಆ ತಾಣದ ನಡುವಿನ ಸಂವಹನವನ್ನು ಬೇರೆಯವರು ಓದಲಾರರೆಂದು ಮಾತ್ರ ಹೇಳುತ್ತದೆ. ತಾಣ ಸಾಚಾ ಎಂದು ಅದು ಹೇಳುವುದಿಲ್ಲ.

ಕರೆ ತಾನಾಗಿ ಬಂದಾಗ

ಕರೆಯನ್ನು ಕಡಿದು, ನಿಮ್ಮ ಬಳಿಯಿರುವ ಸಂಖ್ಯೆಗೆ ನೀವೇ ಕರೆ ಮಾಡಿ. ನಿಯಮ ಇಷ್ಟೇ, ಆದರೆ ಪಾಲಿಸುವುದು ಸುಲಭವಲ್ಲ, ಏಕೆಂದರೆ ಎದುರಿಗಿರುವವರು ವಿನಯದಿಂದ ಮಾತನಾಡುತ್ತಿರುವಾಗ ಫೋನ್ ಇಟ್ಟುಬಿಡುವುದು ಅಸಭ್ಯತೆಯೆಂದು ನಮಗೆ ಅನಿಸುತ್ತದೆ. ‘ನಾನೇ ಕಚೇರಿಗೆ ಕರೆ ಮಾಡಿ ವಿಚಾರಿಸುತ್ತೇನೆ, ಈಗ ಇಡುತ್ತೇನೆ’ ಎಂಬ ಒಂದು ವಾಕ್ಯವನ್ನು ಮೊದಲೇ ಸಿದ್ಧವಾಗಿಟ್ಟುಕೊಂಡರೆ ಆ ಮುಜುಗರ ಕಡಿಮೆಯಾಗುತ್ತದೆ. ನಿಜವಾದ ನೌಕರರಿಗೆ ಇದರಿಂದ ನಷ್ಟವಿಲ್ಲ. ಅದನ್ನು ಕೇಳಿ ಗದರಿಸುವವರು, ‘ಫೋನ್ ಇಟ್ಟರೆ ಖಾತೆ ಮುಚ್ಚಿಹೋಗುತ್ತದೆ’ ಎನ್ನುವವರು, ‘ಈ ವಿಷಯ ಮನೆಯವರಿಗೂ ತಿಳಿಯಬಾರದು’ ಎನ್ನುವವರು, ತಮ್ಮ ಗುರುತನ್ನು ತಾವೇ ಬಿಟ್ಟುಕೊಟ್ಟಂತೆ.

ಮರಳಿ ಕರೆ ಮಾಡುವಾಗ ಮೂರು ಸೂಕ್ಷ್ಮಗಳನ್ನು ಗಮನಿಸಬೇಕು. ಬಂದ ಕರೆಯ ಸಂಖ್ಯೆಯನ್ನೇ ಒತ್ತಬಾರದು, ಅವರು ಬರೆಸಿದ ಸಂಖ್ಯೆಗೂ ಕರೆ ಮಾಡಬಾರದು. ಸ್ಥಿರ ದೂರವಾಣಿಯಾಗಿದ್ದರೆ, ಕರೆ ಮಾಡಿದವರು ತಮ್ಮ ಕಡೆಯಿಂದ ಇಡದಿದ್ದಲ್ಲಿ ಕೆಲವು ಜಾಲಗಳಲ್ಲಿ ಸಂಪರ್ಕ ಸ್ವಲ್ಪ ಹೊತ್ತು ಕಡಿಯದೆ ಉಳಿಯುತ್ತದೆ. ನೀವು ಹೊಸ ಸಂಖ್ಯೆ ಒತ್ತಿದೆವೆಂದುಕೊಂಡರೂ ಅದೇ ವಂಚಕರು ಬೇರೆ ದನಿಯಲ್ಲಿ ‘ಹಲೋ’ ಎನ್ನಬಹುದು. ಆದ್ದರಿಂದ ಬೇರೆ ಫೋನಿನಿಂದ ಕರೆ ಮಾಡುವುದು ಒಳ್ಳೆಯದು. ಮೂರನೆಯದಾಗಿ, ‘ನಮ್ಮ ಮೇಲಧಿಕಾರಿಗೆ ಕೊಡುತ್ತೇನೆ’, ‘ಪೊಲೀಸ್ ಅಧಿಕಾರಿಗೆ ಕೊಡುತ್ತೇನೆ’ ಎಂದು ಕರೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರೆ, ಅದರಿಂದ ಯಾರ ಗುರುತೂ ಸಾಬೀತಾಗುವುದಿಲ್ಲ. ಮೊದಲನೆಯವರು ನಕಲಿಯಾಗಿದ್ದರೆ ಅವರು ದಾಟಿಸಿದ ಹತ್ತನೆಯವರೂ ನಕಲಿಯೇ.

ಸಿಗ್ನಲ್ ಸರಿಪಡಿಸುವ ನೆಪದಲ್ಲಿ ನಕ್ಷತ್ರ ಅಥವಾ ಹ್ಯಾಷ್ ಚಿಹ್ನೆಯಿಂದ ಶುರುವಾಗುವ ಸಂಕೇತವನ್ನು ಒತ್ತಿಸುವವರೂ ಇದ್ದಾರೆ. ಅಂತಹ ಕೆಲವು ಸಂಕೇತಗಳು ನಿಮಗೆ ಬರುವ ಕರೆಗಳನ್ನೆಲ್ಲ ಬೇರೆ ಸಂಖ್ಯೆಗೆ ತಿರುಗಿಸುತ್ತವೆ. ಆಗ ಕರೆಯ ಮೂಲಕ ಬರುವ ಒಟಿಪಿ ಅವರ ಕಿವಿಗೆ ಬೀಳುತ್ತದೆ.

ಕೇಳುವ ವಸ್ತುವನ್ನು ನೋಡಿಯೇ ಗುರುತಿಸಬಹುದು

ಕಥೆ ಯಾವುದೇ ಇರಲಿ, ಕೊನೆಗೆ ಅವರಿಗೆ ಬೇಕಾದವು ಕೆಲವೇ ವಸ್ತುಗಳು. ಒಟಿಪಿ ಅವುಗಳಲ್ಲಿ ಮೊದಲನೆಯದು. ನಿಮ್ಮೊಂದಿಗೆ ಮಾತನಾಡುತ್ತಿರುವಾಗಲೇ ಅವರು ಇನ್ನೊಂದು ಯಂತ್ರದಲ್ಲಿ ನಿಮ್ಮ ಖಾತೆಗೆ ಲಾಗಿನ್ ಆಗುತ್ತಿರುತ್ತಾರೆ ಅಥವಾ ಪಾವತಿಯನ್ನು ಆರಂಭಿಸಿರುತ್ತಾರೆ. ಆ ಸಂದೇಶ ನಿಮ್ಮ ಫೋನಿಗೆ ಬಂದದ್ದು ಅವರ ಕೆಲಸದಿಂದ. ‘ದೂರನ್ನು ನೋಂದಾಯಿಸಲು ಒಂದು ಸಂಖ್ಯೆ ಬಂದಿದೆ, ಓದಿ ಹೇಳಿ’ ಎನ್ನುವಾಗ, ಅಂಕಿಗಳನ್ನು ಮಾತ್ರ ನೋಡದೆ ಸಂದೇಶವನ್ನು ಪೂರ್ತಿ ಓದಬೇಕು. ಅದು ಯಾವುದಕ್ಕಾಗಿ ಬಂದ ಸಂಖ್ಯೆ, ಯಾರಿಗೂ ಹೇಳಬಾರದೆಂಬುದನ್ನು ಹೆಚ್ಚಿನ ಸಂದೇಶಗಳು ತಾವೇ ತಿಳಿಸುತ್ತವೆ. ನೀವು ಲಾಗಿನ್ ಆಗದಿರುವಾಗ ‘ಒಪ್ಪಿಗೆ ಕೊಡಿ’ ಎಂದು ಫೋನಿನಲ್ಲಿ ಮೂಡುವ ಕೋರಿಕೆಗೂ, ವಾಟ್ಸ್‌ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿರೆಂದು ಕಳುಹಿಸುವ ಕ್ಯೂಆರ್ ಚಿತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ನಿಮ್ಮ ಖಾತೆಯನ್ನು ಅವರ ಯಂತ್ರಕ್ಕೆ ಜೋಡಿಸಲು ಅಂತಹ ಒಂದು ಚಿತ್ರ ಸಾಕು. ಬಿಟ್‌ಕಾಯಿನ್‌ನಂತಹ ಕ್ರಿಪ್ಟೊ ಹಣ ಇಟ್ಟುಕೊಂಡವರು ತಮ್ಮ 12 ಅಥವಾ 24 ಪದಗಳ ಮರುಪಡೆಯುವ ಗುಟ್ಟನ್ನು ಯಾರಿಗೂ, ಯಾವ ಅರ್ಜಿಯಲ್ಲೂ ಕೊಡಬಾರದು, ಏಕೆಂದರೆ ಆ ಪದಗಳು ಯಾರ ಕೈಯಲ್ಲಿವೆಯೋ ಹಣ ಅವರದೇ. ದಂಡವನ್ನೋ ಶುಲ್ಕವನ್ನೋ ಗಿಫ್ಟ್ ಕಾರ್ಡಿನ ರೂಪದಲ್ಲಿ ಕಟ್ಟಿಸಿಕೊಳ್ಳುವ ನಿಜವಾದ ಕಚೇರಿ ಎಲ್ಲಿಯೂ ಇಲ್ಲ.

ಇವೆಲ್ಲಕ್ಕಿಂತ ಹಾನಿ ಹೆಚ್ಚು ಮಾಡುವುದು ದೂರದಿಂದ ನಿಮ್ಮ ಯಂತ್ರವನ್ನು ನಡೆಸುವ ಆ್ಯಪ್‌ಗಳು. ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದವು ತಮ್ಮಷ್ಟಕ್ಕೆ ಒಳ್ಳೆಯ ಸಾಧನಗಳೇ. ಕಚೇರಿಗಳಲ್ಲಿ ನಿತ್ಯ ಬಳಕೆಯಲ್ಲಿವೆ, ಅಧಿಕೃತ ಆ್ಯಪ್ ಸ್ಟೋರ್‌ಗಳಲ್ಲಿಯೂ ಸಿಗುತ್ತವೆ, ಅದರಿಂದಲೇ ಅನುಮಾನ ಹುಟ್ಟುವುದಿಲ್ಲ. ಆದರೆ ಆ್ಯಪ್ ತೋರಿಸುವ ಸಂಖ್ಯೆಯನ್ನು ಹೇಳಿ ಒಪ್ಪಿಗೆ ಒತ್ತಿದ ಕ್ಷಣದಿಂದ ನಿಮ್ಮ ಪರದೆ ಅವರದೂ ಆಗುತ್ತದೆ: ಬರುವ ಒಟಿಪಿ ಅವರಿಗೆ ಕಾಣುತ್ತದೆ, ಟೈಪ್ ಮಾಡುವ ಪಿನ್ ಕಾಣುತ್ತದೆ, ಕಂಪ್ಯೂಟರಿನಲ್ಲಾದರೆ ಪರದೆಯನ್ನು ಕಪ್ಪಾಗಿಸಿ ಅದರ ಹಿಂದೆ ಅವರೇ ಕೆಲಸ ಮಾಡಬಹುದು. ವಾಟ್ಸ್‌ಆ್ಯಪ್ ವಿಡಿಯೊ ಕರೆಯಲ್ಲಿ ಪರದೆಯನ್ನು ಹಂಚಿಕೊಳ್ಳುವುದರಿಂದಲೂ ನೋಡುವ ಅವಕಾಶವಂತೂ ಸಿಕ್ಕೇ ಸಿಗುತ್ತದೆ.

ಹಣ ವಾಪಸು ಕೊಡುವ ನಾಟಕ ಇದೇ ಸಾಧನದ ಮೇಲೆ ನಿಂತಿದೆ. ನಿಮ್ಮ ಬ್ಯಾಂಕಿನ ಪುಟವನ್ನು ನಿಮ್ಮಿಂದಲೇ ತೆರೆಸಿ, ಬ್ರೌಸರ್‌ನಲ್ಲಿರುವ ಪುಟ ತಿದ್ದುವ ಸೌಲಭ್ಯದಿಂದ ಖಾತೆಯಲ್ಲಿರುವ ಮೊತ್ತದ ಅಂಕಿಯನ್ನು ಬದಲಿಸಿ, ತಪ್ಪಾಗಿ ಹೆಚ್ಚು ಹಣ ಜಮೆಯಾಗಿದೆ, ನನ್ನ ಕೆಲಸ ಹೋಗುತ್ತದೆ, ದಯವಿಟ್ಟು ಹೆಚ್ಚಿನ ಹಣವನ್ನು ಮರಳಿಸಿ ಎಂದು ಅಂಗಲಾಚುತ್ತಾರೆ. ಬ್ಯಾಂಕಿನ ಲೆಕ್ಕದಲ್ಲಿ ಏನೂ ಬದಲಾಗಿರುವುದಿಲ್ಲ, ನಿಮ್ಮ ಪರದೆಯ ಮೇಲಿನ ಚಿತ್ರ ಮಾತ್ರ ಬದಲಾಗಿರುತ್ತದೆ. ಪುಟವನ್ನು ಮತ್ತೊಮ್ಮೆ ಲೋಡ್ ಮಾಡಿದರೆ ಹಳೆಯ ಅಂಕಿಯೇ ಬರುತ್ತದೆ. ಮರುಗುವ ಮನಸ್ಸಿನವರೇ ಇದಕ್ಕೆ ಬಲಿಯಾಗುತ್ತಾರೆಂಬುದು ನನಗೆ ತುಂಬ ನೋವು ಕೊಡುವ ಸಂಗತಿ. ಇದೇ ರೀತಿ ವಿಂಡೋಸ್ ಕಂಪ್ಯೂಟರಿನಲ್ಲಿ ನಡೆದ ಆಗುಹೋಗುಗಳ ದಾಖಲೆ ತೋರಿಸುವ ‘ಇವೆಂಟ್ ವ್ಯೂವರ್’ ತೆರೆದು, ಅದರಲ್ಲಿರುವ ಕೆಂಪು ಮತ್ತು ಹಳದಿ ಗುರುತುಗಳನ್ನು ವೈರಸ್ ಎಂದು ತೋರಿಸುತ್ತಾರೆ. ಅಂತಹ ಗುರುತುಗಳು ಆರೋಗ್ಯವಾಗಿರುವ ಕಂಪ್ಯೂಟರಿನಲ್ಲಿಯೂ ಇರುತ್ತವೆ.

ಇಂಟರ್ನೆಟ್ ನೋಡುತ್ತಿರುವಾಗ ಪರದೆ ತುಂಬ ಎಚ್ಚರಿಕೆ ಮೂಡಿ, ಸೈರನ್ ಕೂಗಿ, ಕರೆ ಮಾಡಲು ಸಂಖ್ಯೆ ತೋರಿಸಿದರೆ ಅದು ಬರೀ ಒಂದು ಜಾಲಪುಟ. ತನ್ನ ದೋಷದ ಸಂದೇಶಗಳಲ್ಲಿ ಫೋನ್ ಸಂಖ್ಯೆ ಇರುವುದೇ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಪುಟ ಸಾಮಾನ್ಯವಾಗಿ ಪೂರ್ಣ ಪರದೆಯಿಂದ ಇಳಿಯುತ್ತದೆ. ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಮ್ಯಾಕ್‌ನಲ್ಲಿ ಕಮಾಂಡ್, ಆಪ್ಷನ್, ಎಸ್ಕೇಪ್ ಒತ್ತಿ, ಬ್ರೌಸರನ್ನು ಮುಚ್ಚಬಹುದು. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತರಬೇಕೇ ಎಂದು ಕೇಳಿದರೆ ಬೇಡವೆನ್ನಬೇಕು.

ಸಾರ್ವಜನಿಕವಾಗಿ ದೂರು ಬರೆಯುವಾಗ

ಸಾಮಾಜಿಕ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ದೂರು ಬರೆದರೆ ಕೆಲವೇ ನಿಮಿಷಗಳಲ್ಲಿ ‘ತೊಂದರೆಗಾಗಿ ವಿಷಾದಿಸುತ್ತೇವೆ, ನಿಮ್ಮ ಸಂಖ್ಯೆಯನ್ನು ಖಾಸಗಿಯಾಗಿ ಕಳುಹಿಸಿ’ ಎಂಬ ಉತ್ತರ ಬರಬಹುದು. ಅಂತಹ ದೂರುಗಳನ್ನೇ ಹುಡುಕುತ್ತ ಕುಳಿತವರು ಕಂಪನಿಯ ಲಾಂಛನ ಹಚ್ಚಿಕೊಂಡು ಬರೆದ ಉತ್ತರ ಅದಾಗಿರುವ ಸಾಧ್ಯತೆ ದೊಡ್ಡದು. ದೂರಿನಲ್ಲಿ ಫೋನ್ ಸಂಖ್ಯೆ, ಆರ್ಡರ್ ಸಂಖ್ಯೆ, ಬಿಲ್ಲಿನ ಚಿತ್ರ ಹಾಕದಿರುವುದು ಮೊದಲ ಹೆಜ್ಜೆ. ಉತ್ತರಿಸಿದ ಖಾತೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ, ಕಂಪನಿಯ ಜಾಲತಾಣದಲ್ಲಿ ಕೊಟ್ಟಿರುವ ಕೊಂಡಿಯಿಂದ ಹೋದಾಗ ಸಿಗುವ ಖಾತೆ ಅದೇ ಹೌದೇ ಎಂದು ನೋಡುವುದು ಎರಡನೆಯದು. ಟೆಲಿಗ್ರಾಂ ಗುಂಪುಗಳಲ್ಲಿ ಅಡ್ಮಿನ್ ಎಂದು ತಾವಾಗಿಯೇ ಖಾಸಗಿ ಸಂದೇಶ ಕಳುಹಿಸುವವರಿಗೆ ಉತ್ತರಿಸದಿರುವುದೇ ಸರಿ.

ಮೊದಲೇ ಮಾಡಿಡಬಹುದಾದ ಏರ್ಪಾಡು

ಸೌಲಭ್ಯವಿರುವಲ್ಲೆಲ್ಲ ಪಾಸ್‌ಕೀ (ಪಾಸ್‌ವರ್ಡ್ ಬದಲು ಬೆರಳಚ್ಚು, ಮುಖ ಅಥವಾ ಫೋನಿನ ಪಿನ್‌ನಿಂದ ಲಾಗಿನ್ ಆಗಿಸುವ ಡಿಜಿಟಲ್ ಕೀಲಿ) ಬಳಸುವುದು ಉತ್ತಮ, ಏಕೆಂದರೆ ಅದು ನಿಜವಾದ ತಾಣದ ವಿಳಾಸಕ್ಕೇ ಬೆಸೆದುಕೊಂಡಿರುತ್ತದೆ. ನಕಲಿ ಪುಟದಲ್ಲಿ ನೀವು ಕೊಡಬೇಕೆಂದರೂ ಅದು ಕೆಲಸ ಮಾಡದು. ಪಾಸ್‌ವರ್ಡ್ ಮ್ಯಾನೇಜರ್ ಕೂಡ ಇಂತಹುದೇ ಕಾವಲುಗಾರ: ದಿನವೂ ತಾನೇ ತುಂಬುತ್ತಿದ್ದ ಪಾಸ್‌ವರ್ಡನ್ನು ಒಂದು ಪುಟದಲ್ಲಿ ತುಂಬದೆ ಸುಮ್ಮನಾದರೆ, ಕೈಯಿಂದ ಟೈಪ್ ಮಾಡುವ ಮುನ್ನ ವಿಳಾಸವನ್ನು ಓದಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ದಿನದ ವರ್ಗಾವಣೆಯ ಮಿತಿಯನ್ನು ನಿಮ್ಮ ನಿಜವಾದ ಅಗತ್ಯದ ಮಟ್ಟಕ್ಕೆ ಇಳಿಸಿದರೆ, ಮೋಸ ನಡೆದರೂ ಎಲ್ಲ ಹಣ ಒಂದೇ ಏಟಿಗೆ ಹೋಗುವುದಿಲ್ಲ. ಮನೆಯವರ ದನಿಯಲ್ಲಿ ಹಣ ಕೇಳುವ ಕರೆಗಳಿಗಾಗಿ, ಮನೆಮಂದಿ ಮಾತ್ರ ಬಲ್ಲ ಒಂದು ಗುಟ್ಟಿನ ಪದವನ್ನು ಎದುರೆದುರು ಕುಳಿತು ಗೊತ್ತುಮಾಡಿಕೊಳ್ಳಿ.

ಹಣವೋ ಮಾಹಿತಿಯೋ ಕೈತಪ್ಪಿದ ಮೇಲೆ

ಮೊದಲು ಆ ಯಂತ್ರದ ಇಂಟರ್ನೆಟ್ ಸಂಪರ್ಕವನ್ನು ಕಡಿಯಬೇಕು; ಗೊಂದಲವಾದರೆ ಯಂತ್ರವನ್ನೇ ಆರಿಸಿಬಿಡಬಹುದು. ಆಮೇಲೆ ಬೇರೆ ಫೋನಿನಿಂದ, ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆ ಮಾಡಿ ಖಾತೆಯನ್ನೂ ಕಾರ್ಡನ್ನೂ ತಡೆಹಿಡಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟುತ್ತ ಹೋಗುವುದರಿಂದ ಇಲ್ಲಿ ನಿಮಿಷಗಳೂ ಮುಖ್ಯ. ಅವಮಾನವಾಯಿತೆಂದು ಒಂದು ರಾತ್ರಿ ಸುಮ್ಮನೆ ಕಳೆದರೆ ತಡೆಯಬಹುದಾಗಿದ್ದ ಹಣವೂ ಕೈಬಿಡುತ್ತದೆ. ಬಳಿಕ ಸುರಕ್ಷಿತವಾದ ಬೇರೆ ಯಂತ್ರದಿಂದ ಎಲ್ಲಕ್ಕಿಂತ ಮೊದಲು ಇಮೇಲ್‌ನ ಪಾಸ್‌ವರ್ಡ್ ಬದಲಿಸಬೇಕು. ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಸಂದೇಶಗಳು ಅಲ್ಲಿಗೇ ಬರುವುದರಿಂದ, ಇಮೇಲ್ ಅವರ ಕೈಯಲ್ಲಿ ಉಳಿದರೆ ಮಿಕ್ಕ ಬದಲಾವಣೆಗಳೆಲ್ಲ ವ್ಯರ್ಥ. ಅದೇ ಹೊತ್ತಿನಲ್ಲಿ ಎಲ್ಲ ಯಂತ್ರಗಳಿಂದಲೂ ಲಾಗ್‌ಔಟ್ ಮಾಡುವ ಆಯ್ಕೆಯನ್ನು ಒತ್ತಿ, ನಿಮಗೆ ಬರುವ ಪತ್ರಗಳನ್ನು ಬೇರೆ ವಿಳಾಸಕ್ಕೆ ರವಾನಿಸುವ ನಿಯಮವನ್ನು ಯಾರಾದರೂ ಸೇರಿಸಿದ್ದಾರೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಬೇಕು. ದೂರನಿಯಂತ್ರಣದ ಆ್ಯಪ್ ಹಾಕಿದ್ದ ಯಂತ್ರದಲ್ಲಿ ಬೇರೇನನ್ನು ಸೇರಿಸಿದ್ದಾರೋ ತಿಳಿಯುವುದು ಕಷ್ಟವಾದ್ದರಿಂದ, ಅಗತ್ಯವಾದ ಕಡತಗಳನ್ನು ಉಳಿಸಿಕೊಂಡು ಅದನ್ನು ಪೂರ್ತಿಯಾಗಿ ಅಳಿಸಿ ಹೊಸದಾಗಿ ಸಿದ್ಧಪಡಿಸುವುದನ್ನೇ ನಾನು ಸೂಚಿಸುತ್ತೇನೆ.

ಪೊಲೀಸರಿಗೆ ದೂರು ಕೊಡಲು ಕರೆ ಬಂದ ಸಮಯ, ಸಂಖ್ಯೆ, ಸಂದೇಶಗಳ ಸ್ಕ್ರೀನ್‌ಶಾಟ್, ವಹಿವಾಟಿನ ಉಲ್ಲೇಖ ಸಂಖ್ಯೆ ಇವು ಬೇಕಾಗುತ್ತವೆ. ಸಿಟ್ಟಿನಲ್ಲಿ ಯಾವುದನ್ನೂ ಅಳಿಸಬಾರದು. ಸಂಭಾಷಣೆ ನೆನಪಿನಲ್ಲಿ ಹಸಿಯಾಗಿರುವಾಗಲೇ ಅದನ್ನು ನಡೆದ ಕ್ರಮದಲ್ಲಿ ಬರೆದಿಟ್ಟರೆ ಬ್ಯಾಂಕಿಗೂ ಪೊಲೀಸರಿಗೂ ಒಂದೇ ರೀತಿಯ ಹೇಳಿಕೆ ಕೊಡಲು ಅನುಕೂಲ.

ಕೆಲವು ದಿನಗಳೋ ವಾರಗಳೋ ಕಳೆದ ಮೇಲೆ ಇನ್ನೊಂದು ಕರೆ ಬರಬಹುದು. ಕಳೆದ ಮೊತ್ತ, ದಿನಾಂಕ, ವಂಚಕರು ಬಳಸಿದ ಹೆಸರು ಎಲ್ಲವನ್ನೂ ಸರಿಯಾಗಿ ಹೇಳುವ ಈ ವ್ಯಕ್ತಿ, ತಾನು ವಕೀಲನೆಂದೋ ಸೈಬರ್ ತನಿಖೆಯ ಅಧಿಕಾರಿಯೆಂದೋ ಪರಿಚಯಿಸಿಕೊಂಡು, ಹಣ ಪತ್ತೆಯಾಗಿದೆ, ಬಿಡುಗಡೆಗೆ ಸಣ್ಣ ಶುಲ್ಕ ಕಟ್ಟಬೇಕು ಎನ್ನುತ್ತಾನೆ. ಒಮ್ಮೆ ಮೋಸ ಹೋದವರ ಪಟ್ಟಿಯೂ ಮಾರಾಟವಾಗುತ್ತದೆ. ಅಷ್ಟು ವಿವರ ಅವನಿಗೆ ಗೊತ್ತಿರುವುದು ಆ ಪಟ್ಟಿಯಿಂದಾಗಿರಬಹುದು, ಅಥವಾ ಮೊದಲ ಸಲ ಮಾತನಾಡಿದವನೇ ಅವನಾಗಿರಬಹುದು. ಏನನ್ನೂ ಕಟ್ಟದೆ ಕರೆಯನ್ನು ಕಡಿದು, ನೀವು ದೂರು ಕೊಟ್ಟ ಠಾಣೆಗೆ ನೀವೇ ಹೋಗಿ ಆ ಸಂಖ್ಯೆಯನ್ನೂ ಅದೇ ದೂರಿಗೆ ಸೇರಿಸಿ.